‘ಹೆರಿಟೇಜ್’ ಎಂಬುದಕ್ಕೆ ‘ಪರಂಪರೆ’ ಸಾಕೇ?

ಮಾನ್ಯರೇ,
ಎಲ್ಲ ಮತದವರೂ ಕೂಡಿ ಧ್ಯಾನಕ್ಕೆ ಕೂರುವ, ಪ್ರಗತಿಪರ ನಿಲುವಿನ ಆಧ್ಯಾತ್ಮಿಕ ಬಳಗವೊಂದರ ಫಲಕಕ್ಕಾಗಿ ನಾಲ್ಕು ಸಾಲು ಅನುವಾದಿಸುತ್ತಿದ್ದೇನೆ. ನಾಳೆ ಸಂಜೆಯೊಳಗೆ ಫಲಕ ಬರೆಯುವವರಿಗೆ ಕೊಡಬೇಕಾಗಿದೆ. ಹಿರಿಯರಿಂದ ಬಂದದ್ದರಲ್ಲಿ ಬೆಳಕೂ ಇದೆ, ಅನ್ಯಾಯವೂ ಇದೆ; ಎರಡನ್ನೂ ನಮ್ಮದೆಂದು ಒಪ್ಪಿಕೊಂಡು ಮೊದಲನೆಯದನ್ನು ಮುಂದುವರಿಸುತ್ತೇವೆ, ಎರಡನೆಯದನ್ನು ನಮ್ಮಲ್ಲೇ ನಿಲ್ಲಿಸುತ್ತೇವೆ ಎಂಬುದು ಮೂಲದ ತಾತ್ಪರ್ಯ. ‘ಪರಂಪರೆ’ ಎಂದು ಬರೆದು ಓದಿಕೊಂಡಾಗ, ಅದರ ಹಿಂದೆ ‘ಭವ್ಯ’ ಎಂಬ ವಿಶೇಷಣ ತಾನಾಗಿಯೇ ಬಂದು ನಿಂತಂತೆ ಕೇಳಿಸಿತು. ಕಳಂಕವನ್ನೂ ಒಳಗೊಳ್ಳುವ ಪದ ಯಾವುದು?

*

‘ಬಳುವಳಿ’. ಹಳಗನ್ನಡದ ‘ಬೞಿವೞಿ’ ಮನೆಯಲ್ಲೇ ಇರುವಾಗ ಸಂಸ್ಕೃತದ ಬಾಗಿಲು ತಟ್ಟುವ ಚಟ ನಮ್ಮ ಅನುವಾದಕರನ್ನು ಯಾವಾಗ ಬಿಡುತ್ತದೋ ತಿಳಿಯದು.

*

ಬಳುವಳಿ ಎಂದರೆ ಮದುವೆಯಲ್ಲಿ ತವರಿನವರು ಮಗಳಿಗೆ ಅಕ್ಕರೆಯಿಂದ ಕೊಟ್ಟು ಕಳಿಸುವ ವಸ್ತು. ಅನ್ಯಾಯವನ್ನು ಯಾರೂ ಹಾಗೆ ಕೊಟ್ಟು ಕಳಿಸುವುದಿಲ್ಲ. ಇಲ್ಲಿಗೆ ಒಪ್ಪುವ ಪದ ‘ದಾಯ’. ಒಡೆಯನೊಂದಿಗಿನ ಸಂಬಂಧವೊಂದರಿಂದಲೇ ಮತ್ತೊಬ್ಬನ ಸ್ವತ್ತಾಗುವ ಧನವೇ ದಾಯ ಎಂದು ಕಲ್ಯಾಣದ ವಿಜ್ಞಾನೇಶ್ವರ ‘ಮಿತಾಕ್ಷರ’ವೆಂಬ ಧರ್ಮಶಾಸ್ತ್ರ ವ್ಯಾಖ್ಯಾನದಲ್ಲಿ ಲಕ್ಷಣ ಹೇಳಿದ್ದಾನೆ: ಗಳಿಸಿದ್ದಲ್ಲ, ಕೇಳಿ ಪಡೆದದ್ದೂ ಅಲ್ಲ, ಹುಟ್ಟಿದ್ದಕ್ಕೆ ಬಂದದ್ದು. ಅದರ ಜೊತೆಗೇ ಬರುವುದು ಋಣ. ತಂದೆಯ ಸಾಲವನ್ನು ಮಗ ತೀರಿಸಬೇಕು, ಆದರೆ ಕುಡಿತಕ್ಕೂ ಜೂಜಿಗೂ ಮಾಡಿದ ಸಾಲವನ್ನು ತೀರಿಸಬೇಕಾಗಿಲ್ಲ ಎನ್ನುತ್ತದೆ ಧರ್ಮಶಾಸ್ತ್ರ. ಹಿರಿಯರದ್ದೆಂಬ ಒಂದೇ ಕಾರಣಕ್ಕೆ ಎಲ್ಲವನ್ನೂ ಹೊರಬೇಕಿಲ್ಲವೆಂಬ ವಿವೇಕ ಅಲ್ಲಿಯೇ ಇರುವಾಗ, ಪ್ರಗತಿಪರರು ಅದನ್ನು ಹೊರಗಿನಿಂದ ತರಬೇಕಾಗಿಲ್ಲ.

*

ಫಲಕದ ಮುಂದೆ ನಿಂತವರಿಗೆ ‘ದಾಯ’ ಎಂದರೆ ದಾಯಾದಿ ನೆನಪಾಗುತ್ತಾನೆ, ದಾಯಾದಿ ಎಂದರೆ ಜಗಳ. ಇನ್ನು, ‘ಅಪ್ಪನ ಸಕ್ಕರೆ ಕಾಯಿಲೆ ಮಗನಿಗೆ ಬಳುವಳಿಯಾಗಿ ಬಂತು’ ಎಂಬುದನ್ನು ನೀವು ಕೇಳಿಯೇ ಇಲ್ಲವೇ? ಜನ ಅರ್ಥವನ್ನು ಹಿಗ್ಗಿಸಿ ಎಷ್ಟೋ ಕಾಲವಾಯಿತು.

*

ಕೇಳಿದ್ದೇನೆ. ಆ ವಾಕ್ಯದ ‘ಸಕ್ಕರೆ’ ಯಾವ ಬಾಗಿಲು ತಟ್ಟಿ ತಂದದ್ದು ಎಂಬುದನ್ನೂ ಬಲ್ಲೆ.

*

ಇಬ್ಬರೂ ‘ಪರಂಪರೆ’ಗೆ ಅನ್ಯಾಯ ಮಾಡುತ್ತಿದ್ದೀರಿ. ಒಂದಾದ ಮೇಲೊಂದು ಎಂಬುದಷ್ಟೇ ಅದರ ಅರ್ಥ. ‘ತಪ್ಪುಗಳ ಪರಂಪರೆ’ ಎಂದು ನಾವು ಸಲೀಸಾಗಿ ಬರೆಯುತ್ತೇವೆ. 1972ರ ಯುನೆಸ್ಕೋ ಒಪ್ಪಂದದ ಬೆನ್ನಿಗೆ ‘ವಿಶ್ವ ಪರಂಪರೆಯ ತಾಣ’ ಎಂಬ ಫಲಕಗಳು ಎದ್ದ ಮೇಲೆ ಪದಕ್ಕೆ ಕಲ್ಲಿನ ಗತ್ತು ಹತ್ತಿಕೊಂಡಿತೆಂಬುದು ನನ್ನ ಅನುಮಾನ. ‘ಗುರುಪರಂಪರೆ’ಯಲ್ಲಿ ಆ ಗತ್ತು ಇಲ್ಲ: ಶಿಷ್ಯ ಪಡೆಯುತ್ತಾನೆ, ಪ್ರಶ್ನಿಸುತ್ತಾನೆ, ತನ್ನದನ್ನು ಸೇರಿಸಿ ದಾಟಿಸುತ್ತಾನೆ. ‘ಇತಿಹಾಸ’ವನ್ನು ಬಿಡಿಸಿದರೂ ‘ಹೀಗೆಯೇ ಇತ್ತು’ ಎಂದಾಗುತ್ತದೆಯೇ ಹೊರತು ‘ಚೆನ್ನಾಗಿತ್ತು’ ಎಂದಲ್ಲ. ಪದವನ್ನು ಬದಲಿಸುವುದು ಬೇಡ, ಪಕ್ಕದಲ್ಲಿ ಜೋಡಿಯೊಂದನ್ನು ಇಡಿ.

*

ಎಲ್ಲರಿಗೂ ವಂದನೆಗಳು. ‘ಪಡೆದು ಬಂದದ್ದು’ ಎಂಬುದನ್ನೂ ಯೋಚಿಸಿದ್ದೆ. ಹಣೆಬರಹದ ವಾಸನೆ ಬಂದದ್ದರಿಂದ ಕೈಬಿಟ್ಟೆ. ಕೊನೆಗೆ ‘ಈ ಪರಂಪರೆ ನಮ್ಮದು, ಅದರ ಋಣವೂ ನಮ್ಮದು’ ಎಂದು ಗೊತ್ತುಮಾಡಿದ್ದೇನೆ. ಫಲಕ ಬರೆಯುವವರು ‘ರುಣ’ ಎಂದು ಬರೆಯದಂತೆ ಎದುರಿಗೇ ನಿಂತು ನೋಡಿಕೊಳ್ಳುತ್ತೇನೆ.

*

‘ರುಣ’ ಎಂದೇ ಬರೆಯಲಿ. ಕನ್ನಡದ ಬಾಯಲ್ಲಿ ‘ಋ’ ಇಲ್ಲ.