ಗಾಲ್ಫಿನಲ್ಲಿ ಹ್ಯಾಂಡಿಕ್ಯಾಪ್ 4 ಇದೆ, ಪ್ರೊ (ವೃತ್ತಿಪರ) ಆಗಲು ಹೊರಟಿದ್ದೇನೆ. ಪ್ರಯತ್ನಪಟ್ಟವರು ಯಾರಾದರೂ ಇದ್ದೀರಾ?

ಮೊದಲ ಟೀ:
ನನಗೆ 29. ಆರು ವರ್ಷದಿಂದ ಆಡುತ್ತಿದ್ದೇನೆ, ಹ್ಯಾಂಡಿಕ್ಯಾಪ್ 4.1 (ಅಂದರೆ ಚೆನ್ನಾಗಿ ಆಡಿದಾಗ 18 ಹೋಲಿಗೆ ನಿಗದಿಗಿಂತ ಸುಮಾರು ನಾಲ್ಕು ಹೊಡೆತ ಹೆಚ್ಚು; ಕಡಿಮೆಯಾದಷ್ಟೂ ಒಳ್ಳೆಯದು). ಎರಡು ವರ್ಷಕ್ಕೆ ಸಾಕಾಗುವಷ್ಟು ಹಣ ಕೂಡಿಟ್ಟಿದ್ದೇನೆ. ಪೂರ್ತಿ ಗಾಲ್ಫಿಗೇ ನಿಂತು ಟೂರ್ (ಪ್ರೊಗಳ ಪಂದ್ಯ ಸರಣಿ) ಅರ್ಹತಾ ಸುತ್ತು ಆಡುವ ಆಸೆ. ಕೆಲಸ ಬಿಡಲಾ, ಅಥವಾ ಸಂಬಳವಿಲ್ಲದ ರಜೆ ಕೇಳಲಾ? ಈ ದಾರಿಯಲ್ಲಿ ಹೋಗಿಬಂದವರು ದಯವಿಟ್ಟು ಅನುಭವ ಹೇಳಿ.

ಸೊನ್ನೆ ದಾಟಿದವ:
ನಾನು ಹೋಗಿಬಂದಿದ್ದೇನೆ. ಆಗ ನನಗೆ 31, ಹ್ಯಾಂಡಿಕ್ಯಾಪ್ 3. ಕೆಲಸ ಬಿಟ್ಟು 26 ತಿಂಗಳಲ್ಲಿ ಪ್ಲಸ್ 1 ಮುಟ್ಟಿದೆ, ಅಂದರೆ ಸೊನ್ನೆಗಿಂತಲೂ ಒಂದು ಹೊಡೆತ ಉತ್ತಮ. 3ರಿಂದ 1ಕ್ಕೆ ಐದೇ ತಿಂಗಳು. 1ರಿಂದ ಸೊನ್ನೆಗೆ ಒಂಬತ್ತು. ಸೊನ್ನೆಯಿಂದ ಪ್ಲಸ್ 1ಕ್ಕೆ ಪೂರ್ತಿ ಒಂದು ವರ್ಷ. ಇದನ್ನೆಲ್ಲ ಬರೆದು ಗೋಡೆಗೆ ಅಂಟಿಸಿಕೊಂಡಿದ್ದೆ. ಟೂರಿನಲ್ಲಿ ಆಡುವವರ ಮಟ್ಟ ಪ್ಲಸ್ 5ರ ಆಸುಪಾಸು. ಹೆಂಡತಿ ಒಂದು ದಿನ ಆ ಹಾಳೆ ನೋಡುತ್ತಾ, "ಹೀಗೇ ಹೋದರೆ ಅಲ್ಲಿಗೆ ಮುಟ್ಟುವಾಗ ನಿಮಗೆ ಎಷ್ಟು ವಯಸ್ಸು?" ಅಂದಳು. ಹಾಳೆ ಕಿತ್ತು ಹಾಕಿದೆ.

ಖರ್ಚು ಹೇಳ್ತೀನಿ ಕೇಳಿ. ಮೊದಲ ವರ್ಷಕ್ಕೆ ಅಂತ ಇಟ್ಟ ದುಡ್ಡು ಎಂಟೇ ತಿಂಗಳಿಗೆ ಖಾಲಿ. ಕೋಚ್ ವಾರಕ್ಕೊಮ್ಮೆ. ಗ್ಲೌಸ್ ತಿಂಗಳಿಗೆ ನಾಲ್ಕು. ವೆಜ್ (ಹತ್ತಿರದ ಹೊಡೆತದ ಕ್ಲಬ್) ಮೂರು. ಐದು ತಿಂಗಳಾಗುವಷ್ಟರಲ್ಲಿ ಅವುಗಳ ಮುಖದ ಗ್ರೂವ್ (ಗೀರು) ಸವೆದು, ಚೆಂಡು ಗ್ರೀನ್ (ಕುಳಿ ಸುತ್ತಲಿನ ನುಣುಪು ಹುಲ್ಲು) ಮೇಲೆ ನಿಲ್ಲದೆ ಓಡಿಹೋಗುತ್ತಿತ್ತು. ಮತ್ತೆ ಮೂರು ಕೊಳ್ಳಬೇಕು. ಪಟರ್ (ಗ್ರೀನ್ ಮೇಲೆ ಚೆಂಡನ್ನು ಕುಳಿಗೆ ಉರುಳಿಸುವ ಕ್ಲಬ್) ಬಿಟ್ಟು 13 ಕ್ಲಬ್ಬಿಗೂ ವರ್ಷಕ್ಕೆ ಎರಡು ಸಲ ಹೊಸ ಗ್ರಿಪ್. ಇದೆಲ್ಲ ಚಿಲ್ಲರೆ ಬಿಡಿ. ನಿಜವಾದ ಹೊಡೆತ ಪಂದ್ಯಗಳದ್ದು. ಪ್ರವೇಶ ಶುಲ್ಕ, ಪ್ರಯಾಣ, ಕ್ಯಾಡಿ, ಮುಂಚಿನ ದಿನದ ಪ್ರಾಕ್ಟೀಸ್ ಸುತ್ತು. ನಾಲ್ಕು ದಿನಕ್ಕೆ ರೂಮ್ ಹಿಡಿದು, ಕಟ್ ದಾಟದೆ (ಮುಂದಿನ ಸುತ್ತಿಗೆ ಸ್ಕೋರ್ ಸಾಲದೆ) ಎರಡೇ ದಿನಕ್ಕೆ ಮನೆಗೆ ಬಂದದ್ದು ಏಳು ಸಲ. ಏಳು!

ಕೊನೆಗೆ ಅರ್ಹತಾ ಸುತ್ತಿನ ಮೊದಲ ಹಂತ: 79, 77, 81 ಹೊಡೆತ. ಹ್ಯಾಂಡಿಕ್ಯಾಪಿಗೆ ಕೊನೆಯ 20 ಸುತ್ತಿನಲ್ಲಿ ಒಳ್ಳೆಯ 8 ಮಾತ್ರ ಲೆಕ್ಕ ಅಲ್ವಾ? ಉಳಿದ 12 ಸುತ್ತು ಆಡಿದವನೂ ನಾನೇ ಅಂತ ಅಲ್ಲಿ ಗೊತ್ತಾಯಿತು.

ಎಡಗೈ ಗ್ಲೌಸ್:
ನಿಮಗೆ ಮೈ ಸರಿ ಇತ್ತು, ಪುಣ್ಯವಂತರು. ನಾನು ದಿನಕ್ಕೆ 400 ಚೆಂಡು ಹೊಡೆದೆ. ಮ್ಯಾಟ್ ಮೇಲೆ. ಮ್ಯಾಟ್ ಸುಳ್ಳು ಹೇಳುತ್ತೆ. ಚೆಂಡಿಗೆ ಎರಡು ಇಂಚು ಹಿಂದೆ ಬಿದ್ದರೂ ಕ್ಲಬ್ ಜಾರಿಕೊಂಡು ಹೋಗಿ ಶಾಟ್ ಚೆನ್ನಾಗೇ ಕಾಣುತ್ತೆ. ಪೆಟ್ಟೆಲ್ಲ ಮೊಣಕೈಗೆ. ಹತ್ತನೇ ತಿಂಗಳಿಗೆ ನೀರಿನ ಲೋಟ ಎತ್ತಲು ಆಗುತ್ತಿರಲಿಲ್ಲ. ಫಿಸಿಯೋ ಹತ್ತಿರ 22 ಸಲ, ಇಂಜೆಕ್ಷನ್ ಎರಡು, ಮಧ್ಯೆ 11 ವಾರ ಕ್ಲಬ್ಬೇ ಮುಟ್ಟಿಲ್ಲ. ಆ ಹನ್ನೊಂದು ವಾರವೂ ರೇಂಜ್ ಸದಸ್ಯತ್ವದ ಕಂತು ಕಟ್ಟಿದ್ದೇನೆ. ನಿಲ್ಲಿಸಲು ಆಗಲ್ಲ ಅಂದರು.

ಡ್ಯಾನ್ ಮೆಕ್‌ಲಾಫ್ಲಿನ್ ಕತೆ ಗೊತ್ತಲ್ಲ. 2010ರಲ್ಲಿ ಫೋಟೋಗ್ರಾಫರ್ ಕೆಲಸ ಬಿಟ್ಟು 10,000 ಗಂಟೆ ಅಭ್ಯಾಸ ಅಂತ ಹೊರಟವರು. ಹ್ಯಾಂಡಿಕ್ಯಾಪ್ 2.6ರವರೆಗೆ ಬಂದರು. ಸುಮಾರು 6,000 ಗಂಟೆಗೆ ಬೆನ್ನು ಕೈಕೊಟ್ಟಿತು, 2015ರಲ್ಲಿ ಮುಗೀತು. ಮೈ ಕೇಳಲಿಲ್ಲ, ಅಷ್ಟೇ. ನನ್ನದೂ ಅದೇ.

ಮೂರು ಪಟ್ ಮುನಿ:
ಸುಮ್ನೆ 400 ಡ್ರೈವ್ ಹೊಡೆದರೆ ಇನ್ನೇನಾಗುತ್ತೆ? ಪಟ್ಟಿಂಗ್ ಕಲೀರಿ ಮೊದಲು. ನಾನು ಎರಡು ವರ್ಷ, ದಿನಾ ರಾತ್ರಿ ಊಟ ಆದಮೇಲೆ ನಾಲ್ಕು ಅಡಿಯಿಂದ 100 ಪಟ್ ಬೀಳುವವರೆಗೆ ಮಲಗುತ್ತಿರಲಿಲ್ಲ. ಒಂದು ತಪ್ಪಿದರೂ ಮತ್ತೆ ಒಂದರಿಂದ. ಒಮ್ಮೆ 97ಕ್ಕೆ ತಪ್ಪಿತು, ಬೆಳಗಿನ ಜಾವ ಆಗಿತ್ತು, ಪಕ್ಕದ ಮನೆಯವರು ಟಕ್ ಟಕ್ ಸದ್ದಿಗೆ ಬಂದು ಬಾಗಿಲು ಬಡಿದರು. ಪಟರ್ 11 ಬದಲಾಯಿಸಿದ್ದೇನೆ. ಹ್ಯಾಂಡಿಕ್ಯಾಪ್ 6ರಿಂದ 2ಕ್ಕೆ ಇಳಿದದ್ದು ಬರೀ ಪಟ್ಟಿಂಗಿನಿಂದ.

ಲೆಕ್ಕದ ಮೇಷ್ಟ್ರು:
2ಕ್ಕೆ ಬಂದು ಅಲ್ಲೇ ನಿಂತಿರಿ ತಾನೇ? ಅದೇ ನಾನು ಹೇಳೋದು. ಪ್ರೊಫೆಸರ್ ಮಾರ್ಕ್ ಬ್ರಾಡಿ ಟೂರಿನ ಪ್ರತಿ ಶಾಟ್ ಲೆಕ್ಕ ಹಾಕಿ ತೋರಿಸಿದ್ದಾರೆ. ಒಳ್ಳೆಯ ಆಟಗಾರನಿಗೂ ಸಾಧಾರಣ ಆಟಗಾರನಿಗೂ ಇರುವ ಅಂತರದಲ್ಲಿ ಸುಮಾರು ಮೂರನೇ ಎರಡು ಪಾಲು ದೂರದ ಶಾಟ್‌ಗಳದ್ದು. ಎಂಟು ಅಡಿಯಿಂದ ಟೂರ್ ಪ್ರೊಗಳೇ ಅರ್ಧ ಪಟ್ ತಪ್ಪಿಸುತ್ತಾರೆ. ನಾನು ಈ ಪಟ್ಟಿಂಗ್ ಪುರಾಣ ನಂಬಿ ಮೂರು ವರ್ಷ ಹಾಳುಮಾಡಿಕೊಂಡೆ. ಆ ಮೂರು ವರ್ಷದಲ್ಲಿ ಸ್ವಿಂಗ್ ವೇಗ ಹೆಚ್ಚಿಸಿಕೊಂಡಿದ್ದರೆ, ಉದ್ದದ ಪಾರ್ 4ರಲ್ಲಿ (ನಾಲ್ಕು ಹೊಡೆತದ ಹೋಲ್) ಪಕ್ಕದವನು 8 ಐರನ್ ಹಿಡಿಯುವಾಗ ನಾನು ಇನ್ನೂ ದೂರ ಹೊಡೆಯುವ ಹೈಬ್ರಿಡ್ ಹಿಡಿಯಬೇಕಾಗುತ್ತಿರಲಿಲ್ಲ.

ಮೂರು ಪಟ್ ಮುನಿ:
ಸರ್, ಲೆಕ್ಕ ಹಾಳೆ ಮೇಲೆ. ಕೊನೆಯ ಹೋಲಿನಲ್ಲಿ ಮೂರು ಅಡಿ ಪಟ್ ಎದುರಿಗಿದ್ದಾಗ ಕೈ ನಡುಗುತ್ತಲ್ಲ, ಅದಕ್ಕೆ ನಿಮ್ಮ ಬ್ರಾಡಿ ಏನು ಅಂಕಿ ಕೊಡ್ತಾರೆ?

ಲೆಕ್ಕದ ಮೇಷ್ಟ್ರು:
11 ಪಟರ್ ಬದಲಾಯಿಸಿದವರ ಕೈ ನಡುಗದೆ ಇರುತ್ತಾ?

ಪಾಠದ ಪ್ರೊ:
ಇಬ್ಬರೂ ಸಾಕು ಮಾಡಿ. ಪ್ರೊ ಆಗಲು ಟೂರೇ ಆಡಬೇಕಾಗಿಲ್ಲ. ಕಲಿಸುವ ಪ್ರೊಗಳೂ ಪ್ರೊಗಳೇ. ಅಮೆರಿಕದ ಪಿಜಿಎ (ಪ್ರೊಗಳ ಸಂಘ) ಆಟದ ಪರೀಕ್ಷೆ ನೋಡಿ. ಒಂದೇ ದಿನ 36 ಹೋಲ್. ಕೋರ್ಸ್ ರೇಟಿಂಗಿನ (ಸೊನ್ನೆ ಹ್ಯಾಂಡಿಕ್ಯಾಪಿನವನಿಗೆ ಆ ಕೋರ್ಸಿನಲ್ಲಿ ಬೇಕಾಗುವ ಹೊಡೆತ) ಎರಡರಷ್ಟಕ್ಕೆ 15 ಸೇರಿಸಿದರೆ ಅದೇ ಗುರಿ. ರೇಟಿಂಗ್ 71 ಇದ್ದರೆ 157. ಕೇಳಲು ಸುಲಭ. ನಾನು ಅಂಥದ್ದೇ ಪರೀಕ್ಷೆಯಲ್ಲಿ ಮೂರು ಸಲ ಬಿದ್ದೆ. ಮೊದಲ ಸಲ ಏಳು ಶಾಟ್, ಎರಡನೇ ಸಲ ಎರಡು, ಮೂರನೇ ಸಲ ಒಂದೇ ಒಂದು. ಆ ಒಂದು ಶಾಟ್ 35ನೇ ಹೋಲಿನ ಬಂಕರಿನಲ್ಲಿ ಹೋಯಿತು. ಇವತ್ತಿಗೂ ಆ ಮರಳು ಕಣ್ಣಿಗೆ ಕಾಣುತ್ತೆ. ನಾಲ್ಕನೇ ಸಲ ಪಾಸ್. ಈಗ ಒಂಬತ್ತು ವರ್ಷದಿಂದ ಕಲಿಸುತ್ತಿದ್ದೇನೆ, ತಿಂಗಳಾದರೆ ದುಡ್ಡು ಕೈಗೆ ಬರುತ್ತೆ.

ಸೊನ್ನೆ ದಾಟಿದವ:
157ಕ್ಕೆ ಪ್ರೊ ಅಂದುಬಿಟ್ಟರೆ ನಾನು 31ಕ್ಕೇ ಪ್ರೊ ಆಗಿದ್ದೆ ಬಿಡಿ.

ಪಾಠದ ಪ್ರೊ:
79, 77, 81 ಆಡಿದವರು ಹೇಳ್ತಿದ್ದಾರೆ ನೋಡಿ. ನಿಮ್ಮ ಮೊದಲ ಎರಡು ಕೂಡಿಸಿ. 156. ಒಂದು ಶಾಟಿನಲ್ಲಿ ಬಚಾವ್. ಎರಡನೆಯದು ಮೂರನೆಯದು ಕೂಡಿಸಿದರೆ ನಮ್ಮ ಪರೀಕ್ಷೆಯೂ ಫೇಲ್.

ಸೊನ್ನೆ ದಾಟಿದವ:
ಅಲ್ಲಿ ಗಾಳಿ ಹೇಗಿತ್ತು ಅಂತ ನಿಮಗೇನು ಗೊತ್ತು?

ತಡವಾಗಿ ಬಂದವಳು:
ಎಲ್ಲರೂ ಹುಡುಗನನ್ನು ಹೆದರಿಸ್ತಿದ್ದೀರಿ. ಲ್ಯಾರಿ ನೆಲ್ಸನ್ ಸೈನ್ಯದಿಂದ ಬಂದಮೇಲೆ, 21ಕ್ಕೆ, ಆಟ ಶುರು ಮಾಡಿದರು. ಮೂರು ಮೇಜರ್ (ಅತಿ ದೊಡ್ಡ ಪಂದ್ಯ) ಗೆದ್ದರು, 1981, 1983, 1987. ಕ್ಯಾಲ್ವಿನ್ ಪೀಟ್ 23ಕ್ಕೆ ಶುರು ಮಾಡಿದರು. ಎಡಗೈ ನೆಟ್ಟಗೆ ಚಾಚಲೂ ಆಗುತ್ತಿರಲಿಲ್ಲ, ಪಿಜಿಎ ಟೂರಿನಲ್ಲಿ 12 ಗೆಲುವು. ನಾನೂ 27ಕ್ಕೆ ಶುರು ಮಾಡಿದವಳು. ಎಂಟು ವರ್ಷಕ್ಕೆ ಹ್ಯಾಂಡಿಕ್ಯಾಪ್ 1. ರಜಾದಿನಗಳೆಲ್ಲ ಇದಕ್ಕೇ ಹೋದವು, ತಂಗಿಯ ಮದುವೆಯ ಹಿಂದಿನ ದಿನವೂ ಪಂದ್ಯದಲ್ಲಿದ್ದೆ. ಅವಳು ಇನ್ನೂ ಅದನ್ನು ಎತ್ತಿ ಆಡುತ್ತಾಳೆ. ನನಗೆ ಬೇಸರವಿಲ್ಲ.

ಎಡಗೈ ಗ್ಲೌಸ್:
ನೆಲ್ಸನ್ ಒಂಬತ್ತು ತಿಂಗಳಲ್ಲಿ 70ರೊಳಗೆ ಆಡಿದವರು ಮೇಡಂ. ಇವರು ಆರು ವರ್ಷದಿಂದ ಆಡ್ತಿದ್ದಾರೆ. ಲಾಟರಿ ಹೊಡೆದವರನ್ನೇ ತೋರಿಸಬೇಡಿ.

ತಡವಾಗಿ ಬಂದವಳು:
ನಿಮ್ಮ ಮೊಣಕೈ ನೋವಿಗೆ ನಾನೇನು ಮಾಡಲಿ? ಹುಲ್ಲಿನ ಮೇಲೆ ಹೊಡೆಯಬೇಕಿತ್ತು.

ಎಡಗೈ ಗ್ಲೌಸ್:
ಎಲ್ಲರಿಗೂ ದಿನಾ ಹುಲ್ಲು ಸಿಗುತ್ತಾ?

ಮೊದಲ ಟೀ:
ಎಲ್ಲರಿಗೂ ಥ್ಯಾಂಕ್ಸ್. ರಜೆಯ ವಿಷಯ ಯಾರೂ ಹೇಳಲಿಲ್ಲ. ಇನ್ನೊಂದು, ಪ್ರೊ ಅಂತ ಈಗಲೇ ಘೋಷಿಸಿಕೊಳ್ಳಬೇಕಾ?

ಸೊನ್ನೆ ದಾಟಿದವ:
ಬೇಡ! ಆ ತಪ್ಪು ನಾನು ಮಾಡಿದೆ. ಅವಸರ ಮಾಡಿ ಪ್ರೊ ಅಂತ ಹೆಸರು ಬರೆಸಿದೆ. ಆಟ ಬಿಟ್ಟಮೇಲೆ ಕ್ಲಬ್ಬಿನ ಅಮೆಚೂರ್ (ಹವ್ಯಾಸಿ) ಪಂದ್ಯಕ್ಕೂ ಸೇರಿಸಲಿಲ್ಲ. ಅರ್ಜಿ ಹಾಕಿ, ಕಾದು, ಅಮೆಚೂರ್ ಸ್ಥಾನ ವಾಪಸ್ ಪಡೆಯಬೇಕಾಯಿತು. ಕಾಯುವ ಆ ದಿನಗಳಲ್ಲಿ ನಾನು ಪ್ರೊನೂ ಅಲ್ಲ, ಅಮೆಚೂರೂ ಅಲ್ಲ. ಹಳೇ ಗೆಳೆಯರು ಆಡುವಾಗ ಅವರ ಸ್ಕೋರ್ ಬರೆಯುತ್ತಾ ನಿಂತಿದ್ದೆ.

ಪಾಠದ ಪ್ರೊ:
157 ಆಡಿದ್ದರೆ ಕಾಯಬೇಕಾಗಿರಲಿಲ್ಲ.

ಸೊನ್ನೆ ದಾಟಿದವ:
ಆ 35ನೇ ಹೋಲಿನ ಬಂಕರಿಗೇ ಹೋಗಿ ಮಲಗಿ ನೀವು.

ಲೆಕ್ಕದ ಮೇಷ್ಟ್ರು:
ಮುನಿಗಳೇ, ಜಗಳ ಪಕ್ಕಕ್ಕಿರಲಿ. ಆ 11 ಪಟರಲ್ಲಿ ಮ್ಯಾಲೆಟ್ (ದಪ್ಪ ತಲೆಯದು) ಯಾವುದಾದರೂ ಇದೆಯಾ, 34 ಇಂಚಿನದು? ಕೊಡೋದಾದರೆ ನನಗೆ ಹೇಳಿ.

ಮೂರು ಪಟ್ ಮುನಿ:
ಪಟ್ಟಿಂಗ್ ಮುಖ್ಯ ಅಲ್ಲ ಅಂದಿರಿ?