ಉಪ್ಪನ (ಅಪ್ಪನ) ಸೌದಿ ಕೇಸ್ ನೋಡಿ ಲಾಯರ್ ಆಗಬೇಕು ಅನಿಸಿದೆ, ಕೊಡಗಿನಲ್ಲಿದ್ದು ಆಗುತ್ತಾ?

ಸಿದ್ದಾಪುರದ_ಹುಡುಗಿ:
ಸೆಕೆಂಡ್ ಪಿಯುಸಿ ಮುಗಿಯಿತು. ಮನೆಯಲ್ಲಿ ಬಿ.ಕಾಂ ಮಾಡು, ಬ್ಯಾಂಕ್ ಪರೀಕ್ಷೆ ಬರೆ ಎನ್ನುತ್ತಾರೆ. ನನಗೆ ಲಾ ಓದಬೇಕು.

ಉಪ್ಪ ಇಲ್ಲಿ ತೋಟದ ಜೀಪ್ ಓಡಿಸುತ್ತಿದ್ದರು. ಡ್ರೈವರ್ ಕೆಲಸ ಅಂತ ಏಜೆಂಟ್ 1 ಲಕ್ಷದ 20 ಸಾವಿರ ತಗೊಂಡು ಸೌದಿಗೆ ಕಳಿಸಿದ. ಇಳಿದ ಮೇಲೆ ನೋಡಿದರೆ ಕುರಿ ಕಾಯುವ ಕೆಲಸ, ಪಾಸ್‌ಪೋರ್ಟ್ ಕಫೀಲ್, ಅಂದರೆ ಕೆಲಸಕ್ಕೆ ಕರೆಸಿಕೊಂಡ ಮಾಲೀಕನ ಕೈಯಲ್ಲಿ, ಐದು ತಿಂಗಳು ಸಂಬಳ ಇಲ್ಲ. ತಪ್ಪಿಸಿಕೊಂಡು ರಿಯಾದ್‌ಗೆ ಬಂದರೆ ಇವರ ಮೇಲೇ ಹುರೂಬ್, ಅಂದರೆ ಕೆಲಸ ಬಿಟ್ಟು ಓಡಿಹೋದವ ಅಂತ ದೂರು. ವಿದೇಶಾಂಗ ಇಲಾಖೆಯ ಮದದ್ ಪೋರ್ಟಲ್‌ನಲ್ಲಿ ನಾನೇ ದೂರು ಹಾಕಿದೆ. ಜುಲೈ ಮಳೆ, ಕರೆಂಟ್ ಇಲ್ಲ, ನೆಟ್‌ವರ್ಕ್ ಸಿಗುವುದು ಬಸ್‌ಸ್ಟಾಪ್ ಹತ್ತಿರ ಮಾತ್ರ, ಒಂದು ಕೈಯಲ್ಲಿ ಕೊಡೆ ಹಿಡಿದು ವೀಸಾ ಕಾಪಿ ಅಪ್‌ಲೋಡ್ ಮಾಡಿದ್ದೇನೆ. ಹನ್ನೊಂದು ತಿಂಗಳಾದ ಮೇಲೆ ರಾಯಭಾರ ಕಚೇರಿ ಔಟ್‌ಪಾಸ್, ಅಂದರೆ ಪಾಸ್‌ಪೋರ್ಟ್ ಬದಲು ಊರಿಗೆ ಬರುವ ಪತ್ರ ಕೊಟ್ಟು, ಉಪ್ಪ ಬಂದರು.

ಆಮೇಲೆ ಕಾಲೇಜಿನಲ್ಲಿ ಇನ್ನೂ ನಾಲ್ಕು ಮಕ್ಕಳು ಅವರ ಮನೆಯವರ ಪೇಪರ್ ತಂದು ಕೇಳಿದರು. ಗೆಳತಿಯರು ಸೇರಿ ಶನಿವಾರ ಕೂತು ಅರ್ಜಿ ಬರೆದುಕೊಡುತ್ತೇವೆ. ಇದು ಲಾ ಸೀಟಿಗೆ ಉಪಯೋಗಕ್ಕೆ ಬರುತ್ತಾ?

ಬಾಣೆ_ವಕೀಲ:
ಸೀಟಿಗೆ ಬರುವುದಿಲ್ಲ ತಂಗಿ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಗೆ ಕ್ಲ್ಯಾಟ್ ಪ್ರವೇಶ ಪರೀಕ್ಷೆ ಬರೆಯಬೇಕು. ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯದ ಕೆಳಗಿನ ಕಾಲೇಜಿನಲ್ಲಿ ಐದು ವರ್ಷದ ಕೋರ್ಸಿಗೆ ಪಿಯುಸಿ ಅಂಕ ಸಾಕು.

ಆದರೆ ನೀನು ಮಾಡಿದ್ದು ನಮ್ಮ ಜೂನಿಯರ್‌ಗಳಿಗೆ ಎರಡು ವರ್ಷವಾದರೂ ಬರುವುದಿಲ್ಲ. ತಾರೀಕು ಪ್ರಕಾರ ಕಾಗದ ಜೋಡಿಸುವುದು ಇದೆಯಲ್ಲ, ವಕೀಲಿಕೆಯಲ್ಲಿ ಅರ್ಧ ಅದೇ. ಇನ್ನೊಂದು, ಆ ಏಜೆಂಟ್‌ನನ್ನು ಬಿಡಬೇಡ. ಲೈಸೆನ್ಸ್ ಇದ್ದವನೂ 30 ಸಾವಿರ ಮತ್ತು ಜಿಎಸ್‌ಟಿಗಿಂತ ಜಾಸ್ತಿ ತಗೊಳ್ಳುವ ಹಾಗಿಲ್ಲ. ಲೈಸೆನ್ಸ್ ಇದೆಯಾ ಅಂತ ಸರ್ಕಾರದ ಇಮೈಗ್ರೇಟ್ ವೆಬ್‌ಸೈಟಿನಲ್ಲಿ ನೋಡು. ಇಲ್ಲದಿದ್ದರೆ 1983ರ ವಲಸೆ ಕಾಯ್ದೆಯಲ್ಲಿ ಅದೇ ಅಪರಾಧ. ಹಣ ಕೊಟ್ಟ ರಸೀದಿ ಇದೆಯಾ?

ರೋಬಸ್ಟಾ62:
ಎಲ್ಲಾ ಸರಿ, ಹೊಟ್ಟೆಪಾಡು? ಮಡಿಕೇರಿ ಕೋರ್ಟಿನಲ್ಲಿ ದುಡ್ಡು ಬರುವುದು ಜಮ್ಮಾ ಜಾಗ (ಕೊಡಗಿನ ವಂಶಪಾರಂಪರ್ಯ ಜಮೀನು), ಪಾಲು, ಬೇಲಿ ಜಗಳದಿಂದ. ಗಲ್ಫಿನಿಂದ ಬರಿಗೈಯಲ್ಲಿ ಬಂದವರ ಹತ್ತಿರ ಫೀಸ್ ಕೇಳುತ್ತೀಯಾ? ಬಿ.ಕಾಂ ಮಾಡು. ಆಮೇಲೆ ಬೇಕಾದರೆ ಮೂರು ವರ್ಷದ ಲಾ ಇದ್ದೇ ಇದೆ.

ಕಾವೇರಿ_ಆಚೆಯವಳು:
ನಾನು ಬೈಲುಕುಪ್ಪೆಯವಳು, ಟಿಬೆಟನ್. ಕುಶಾಲನಗರದಲ್ಲಿ ಓದಿದ್ದು, ಈಗ ಲಾ ನಾಲ್ಕನೇ ವರ್ಷ. ನನಗೂ ಮನೆಯ ಪೇಪರ್‌ನಿಂದಲೇ ಶುರುವಾಯಿತು. ಅಮ್ಮ 1972ರಲ್ಲಿ ಇಲ್ಲೇ ಹುಟ್ಟಿದವರು. 26 ಜನವರಿ 1950ರಿಂದ 1 ಜುಲೈ 1987ರ ಮೊದಲು ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು, ಕಾಯ್ದೆಯಲ್ಲೇ ಇದೆ. ಆದರೂ ಅವರು ವರ್ಷಗಟ್ಟಲೆ ವಿದೇಶಿಯರ ನೋಂದಣಿ ಪುಸ್ತಕ ಹಿಡಿದು ಓಡಾಡಿದರು. 2010ರಲ್ಲಿ ದೆಹಲಿ ಹೈಕೋರ್ಟ್ ನಮ್ಗ್ಯಾಲ್ ಡೋಲ್ಕರ್ ಕೇಸಿನಲ್ಲಿ ಇದನ್ನು ಒಪ್ಪಿದ ಮೇಲೆಯೇ ನಮ್ಮಲ್ಲಿ ತುಂಬಾ ಜನಕ್ಕೆ ಗೊತ್ತಾಗಿದ್ದು. ತಮಾಷೆ ಏನೆಂದರೆ, 1961ರ ವಕೀಲರ ಕಾಯ್ದೆ ಪ್ರಕಾರ ಸನ್ನದಿಗೆ, ಅಂದರೆ ವಕೀಲಿಕೆ ಮಾಡುವ ಪರವಾನಗಿಗೆ, ಸಾಮಾನ್ಯವಾಗಿ ಪೌರತ್ವ ಬೇಕು. ನನ್ನ ಪೌರತ್ವ ನಿಂತಿದ್ದು ಅಮ್ಮನ ಕಾಗದದ ಮೇಲೆ, ಅದನ್ನು ಸರಿ ಮಾಡದೆ ನಾನು ಕರಿ ಕೋಟು ಹಾಕುವ ಹಾಗೇ ಇರಲಿಲ್ಲ!

ರೋಬಸ್ಟಾ ಅಂಕಲ್, ಬೇಲಿ ಜಗಳದ ಕೇಸನ್ನೂ ಮಾಡಬಹುದು, ಇದನ್ನೂ ಮಾಡಬಹುದು ಅಲ್ವಾ?

ಸಿದ್ದಾಪುರದವಳೇ, ಶನಿವಾರದ ಕೆಲಸ ಬಿಡಬೇಡ. ಆದರೆ ಬೇರೆಯವರ ಪಾಸ್‌ಪೋರ್ಟ್ ಫೋಟೋ ವಾಟ್ಸಾಪ್ ಗುಂಪಿಗೆ ಹಾಕಬೇಡಿ, ನಾವು ಆ ತಪ್ಪು ಮಾಡಿ ಬೈಸಿಕೊಂಡಿದ್ದೇವೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಪ್ಯಾರಾಲೀಗಲ್ ಸ್ವಯಂಸೇವಕರನ್ನು (ವಕೀಲರಲ್ಲದಿದ್ದರೂ ಕಾನೂನು ಕೆಲಸಕ್ಕೆ ನೆರವಾಗುವವರನ್ನು) ತಗೊಳ್ಳುತ್ತಾರೆ, ಅಲ್ಲಿ ವಿಚಾರಿಸು. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರು ಉಚಿತ, ಅಂದರೆ ನಿಮ್ಮ ಉಮ್ಮನ ಹೆಸರಲ್ಲೂ ಕೇಳಬಹುದು.

ಸಿದ್ದಾಪುರದ_ಹುಡುಗಿ:
ರಸೀದಿ ಇಲ್ಲ ಸರ್, ಆದರೆ ಉಮ್ಮ ಚಿನ್ನ ಅಡವಿಟ್ಟ ಚೀಟಿ, ಏಜೆಂಟ್ ಖಾತೆಗೆ 70 ಸಾವಿರ ಹಾಕಿದ ಪಾಸ್‌ಬುಕ್ ಎಂಟ್ರಿ ಇದೆ. ಸೋಮವಾರ ಮಡಿಕೇರಿಗೆ ಬರುತ್ತೇನೆ. ಉಪ್ಪನೂ ಜೊತೆಗೆ ಬರುತ್ತಾರಂತೆ. ಬಿ.ಕಾಂ ಫಾರ್ಮ್ ಇನ್ನೂ ಮೇಜಿನ ಮೇಲೇ ಇದೆ, ತುಂಬಿಲ್ಲ.