ಹಳೇ ಪವರ್ ಪ್ರೆಸ್, ಬೆರಳಿನ ಭಯ: ಅನುಭವ ಇದ್ದವರು ಹೇಳಿ

ಪ್ರಶ್ನೆ: ಪೀಣ್ಯದಲ್ಲಿ ನಮ್ಮ ಚಿಕ್ಕಪ್ಪನ ಶೀಟ್ ಮೆಟಲ್ ಯೂನಿಟ್ ಈಗ ನನ್ನ ಕೈಗೆ ಬಂದಿದೆ. 18 ಜನ ಇದ್ದಾರೆ. ಐದು ಪವರ್ ಪ್ರೆಸ್ (ತಗಡನ್ನು ಒತ್ತಿ ಕತ್ತರಿಸುವ ಮಿಷನ್), ಎಲ್ಲವೂ ಹಳೇ ಕಾಲದ ಕೀ ಕ್ಲಚ್‌ನವು. ಹೋದ ತಿಂಗಳು ಪಕ್ಕದ ಶೆಡ್‌ನಲ್ಲಿ ಒಬ್ಬ ಹುಡುಗನ ಎರಡು ಬೆರಳು ಹೋದವು. ಲೈಟ್ ಕರ್ಟನ್ (ಕೈ ಅಡ್ಡ ಬಂದರೆ ಗುರುತಿಸುವ ಬೆಳಕಿನ ಪರದೆ) ಹಾಕಿಸಿ ಅಂತ ಒಬ್ಬ ಸೇಲ್ಸ್‌ನವರು ಹಿಂದೆ ಬಿದ್ದಿದ್ದಾರೆ. ಹಾಕಿಸಲಾ? ಇನ್ನೇನು ಮಾಡಬೇಕು?

ಟೂಲ್ ರೂಮ್‌ನಲ್ಲಿ ಇದ್ದವನು:
ದುಡ್ಡು ಕೊಡಬೇಡಿ ಸರ್, ಮೊದಲು ಇದನ್ನು ಓದಿ. ಕೀ ಕ್ಲಚ್ ಅಂದರೆ ತಿರುಗುವ ಚಕ್ರವನ್ನು ಪ್ರೆಸ್‌ಗೆ ಜೋಡಿಸುವ ಕೀಲು, ಅದು ಒಂದು ಸಲ ಹಿಡಿಯಿತು ಅಂದರೆ ಪ್ರೆಸ್ ಪೂರ್ತಿ ಒಂದು ಸುತ್ತು ಬಂದೇ ನಿಲ್ಲುವುದು. ನಡುವೆ ನಿಲ್ಲಿಸುವುದಕ್ಕೆ ಆಗುವುದಿಲ್ಲ. ಲೈಟ್ ಕರ್ಟನ್ ಕೈಯನ್ನು ನೋಡಿ ಸಿಗ್ನಲ್ ಕೊಡುತ್ತದೆ, ನಿಜ, ಆದರೆ ಇಳಿಯುತ್ತಿರುವ ರ‍್ಯಾಮ್ (ಮೇಲಿಂದ ಬಂದು ಒತ್ತುವ ಭಾಗ) ಅದರ ಮಾತು ಕೇಳಬೇಕಲ್ವಾ? ನಡುವೆಯೇ ನಿಲ್ಲಿಸಬಲ್ಲ ಏರ್ ಕ್ಲಚ್, ಬ್ರೇಕ್ ಇರುವ ಪ್ರೆಸ್‌ಗೆ ಮಾತ್ರ ಅದು ಸರಿ.

ನಿಮ್ಮ ಪ್ರೆಸ್‌ಗೆ ಕೈ ಒಳಗೆ ಹೋಗದ ಹಾಗೆ ಮಾಡುವುದೇ ದಾರಿ. ತಗಡಿನ ಪಟ್ಟಿ ತಳ್ಳಿ ಬ್ಲಾಂಕ್ (ಬಿಲ್ಲೆ) ಹೊಡೆಯುವ ಕೆಲಸವಾದರೆ ಡೈ (ಅಚ್ಚು) ಸುತ್ತ ಫಿಕ್ಸ್ ಗಾರ್ಡ್ (ಅಲುಗದ ತಡೆ) ಕೂರಿಸಿ, ಪಟ್ಟಿ ಹೋಗುವಷ್ಟೇ ಸಂದು ಬಿಡಿ, 6 ಮಿಲಿಮೀಟರ್ ದಾಟಬಾರದು. ಒಂದೊಂದೇ ಪೀಸ್ ಇಟ್ಟು ತೆಗೆಯುವ ಕೆಲಸಕ್ಕೆ ಜಾರಿಸಿ ಕೊಡುವ ಟ್ರೇ ಮಾಡಿಸಿ, ಇಲ್ಲವೇ ಇಕ್ಕಳ, ಮ್ಯಾಗ್ನೆಟ್ ಹಿಡಿಕೆ ಕೊಡಿ. ಎರಡು ಕೈ ಬಟನ್ ಕೂಡ ಹಾಕಿಸಬಹುದು, ಆದರೆ ಡೈಯಿಂದ ದೂರದಲ್ಲಿರಬೇಕು. ಬಟನ್ ಬಿಟ್ಟ ಕೈ ಡೈಗೆ ತಲುಪುವುದರೊಳಗೆ ರ‍್ಯಾಮ್ ಕೆಳಗೆ ಬಂದು ಮುಗಿಸಿರಬೇಕು. ಕೈಗೆಟುಕುವ ಹಾಗಿರಲಿ ಅಂತ ಪಕ್ಕದಲ್ಲೇ ಕೂರಿಸಿದವರನ್ನು ನೋಡಿದ್ದೇನೆ, ಅದು ಇದ್ದೂ ಇಲ್ಲದ ಹಾಗೆ. ಕಾಲಿನ ಪೆಡಲ್ ಇದ್ದರೆ ಅದರ ಮೇಲೆ ಕವರ್ ಬೇಕೇ ಬೇಕು. ಕೆಳಗೆ ಬಿದ್ದ ಪೀಸ್ ಪೆಡಲ್ ಮೇಲೆ ಬಿದ್ದರೂ ಸ್ಟ್ರೋಕ್ ಹೊಡೆಯುತ್ತದೆ.

ಇನ್ನೊಂದು. ಯಾರಾದರೂ ‘ಮಿಷನ್ ತಾನಾಗೇ ಎರಡು ಸಲ ಹೊಡೀತು’ ಅಂದರೆ ಬೈಯಬೇಡಿ, ನಂಬಿ. ಕೀ ಸವೆದಿರುತ್ತದೆ ಅಥವಾ ಲ್ಯಾಚ್ ಸ್ಪ್ರಿಂಗ್ ಸೋತಿರುತ್ತದೆ. ಆ ಪ್ರೆಸ್ ಆಗಲೇ ಬಂದ್. ಆರ್ಡರ್ ಎಷ್ಟೇ ಅರ್ಜೆಂಟ್ ಇದ್ದರೂ.

ಡೈ ಸೆಟ್ಟಿಂಗ್ ಮಾಡುವಾಗ ಸ್ವಿಚ್ ಆಫ್ ಮಾಡಿದರೆ ಸಾಲದು, ಫ್ಲೈವೀಲ್ (ಪ್ರೆಸ್‌ನ ಭಾರದ ಚಕ್ರ) ಇನ್ನೂ ತಿರುಗುತ್ತಿರುತ್ತದೆ, ಅದು ಪೂರ್ತಿ ನಿಲ್ಲುವ ತನಕ ಕಾದು ರ‍್ಯಾಮ್ ಕೆಳಗೆ ಗಟ್ಟಿ ಬ್ಲಾಕ್ ಇಟ್ಟ ಮೇಲೇ ಕೈ ಹಾಕಬೇಕು.

ಪ್ರೊಡಕ್ಷನ್ ಸೂಪರ್‌ವೈಸರ್:
ಮೇಲಿನವರು ಹೇಳಿದ್ದು ಎಲ್ಲ ಸರಿ. ಆದರೆ ಗಾರ್ಡ್ ಹಾಕಿಸಿದ ವಾರದಲ್ಲೇ ಅದು ಮೂಲೆ ಸೇರುತ್ತದೆ, ಬರೆದಿಟ್ಟುಕೊಳ್ಳಿ. ನಾನು ಕೆಲಸ ಮಾಡಿದ ಒಂದು ಕಡೆ ಎರಡು ಬಟನ್‌ಗಳಲ್ಲಿ ಒಂದಕ್ಕೆ ಸೈಕಲ್ ಟ್ಯೂಬ್ ಬಿಗಿದು ಒತ್ತಿಟ್ಟಿದ್ದರು, ಇನ್ನೊಂದು ಕೈ ಡೈ ಒಳಗೆ. ಯಾಕಪ್ಪ ಅಂದರೆ ‘ಸಾರ್, ಪೀಸ್ ಲೆಕ್ಕ ತುಂಬಲ್ಲ’ ಅಂದ. ಅವನದು ತಪ್ಪು ಅಂತ ನನಗೆ ಅನ್ನಿಸಲಿಲ್ಲ. ರೇಟು ಗಾರ್ಡ್ ಇಲ್ಲದ ಕಾಲದ್ದು, ಗಾರ್ಡ್ ಬಂದ ಮೇಲೆ ಟಾರ್ಗೆಟ್ ಯಾರೂ ಇಳಿಸಿರಲಿಲ್ಲ. ಮೊದಲು ಗಾರ್ಡ್ ಹಾಕಿ ನೀವೇ ನಿಂತು ಗಂಟೆಗೆ ಎಷ್ಟು ಬರುತ್ತೆ ನೋಡಿ. ಆ ಮೇಲೆ ಪೀಸ್ ರೇಟ್ ಮಾತಾಡಿ. ಎರಡು ಶಿಫ್ಟ್ ಒಟ್ಟಿಗೆ ಮಾಡಿದವನನ್ನು ಪ್ರೆಸ್ ಮೇಲೆ ಕೂರಿಸಲೇಬೇಡಿ, ಪ್ಯಾಕಿಂಗ್‌ಗೆ ಹಾಕಿ. ಒಡಿಶಾ, ಬಿಹಾರದ ಹುಡುಗರಿದ್ದರೆ ಗೋಡೆ ಮೇಲೆ ಕನ್ನಡ, ಇಂಗ್ಲಿಷ್ ಬೋರ್ಡ್ ಹಾಕಿ ಕೈ ತೊಳೆದುಕೊಳ್ಳಬೇಡಿ. ಅವರದೇ ಭಾಷೆಯ ಹಳಬನೊಬ್ಬ ಪಕ್ಕ ನಿಂತು ತೋರಿಸಲಿ.

ಲೇತ್ ಆಪರೇಟರ್:
ಗ್ಲೌಸ್ ವಿಷಯ ಯಾರೂ ಹೇಳಲಿಲ್ಲ. ಶೀಟ್ ಎತ್ತುವಾಗ ಬರ್ (ಅಂಚಿನ ಚೂಪು) ಕೊಯ್ಯುತ್ತದೆ, ಆಗ ಬೇಕು. ಅದೇ ಗ್ಲೌಸ್ ಹಾಕಿಕೊಂಡು ಡ್ರಿಲ್ಲಿಂಗ್ ಮಿಷನ್‌ಗೆ ಹೋದರೆ ಬಿಟ್ ಸುತ್ತಿಕೊಂಡು ಕೈಯನ್ನೇ ಎಳೆಯುತ್ತದೆ. ತಿರುಗುವ ಮಿಷನ್ ಹತ್ತಿರ ಗ್ಲೌಸ್, ಉದ್ದ ತೋಳು, ದುಪಟ್ಟಾ ಯಾವುದೂ ಬೇಡ. ಕಿವಿಯನ್ನೂ ಮರೆಯಬೇಡಿ. ಎರಡು ಮೊಳ ದೂರದವನ ಹತ್ತಿರ ಕೂಗಿ ಮಾತಾಡಬೇಕು ಅಂದರೆ ಸದ್ದು ಜಾಸ್ತಿಯೇ ಇದೆ. ನಮ್ಮ ಫ್ಯಾಕ್ಟರಿ ನಿಯಮದಲ್ಲಿ 8 ಗಂಟೆ ಕೆಲಸಕ್ಕೆ 90 ಡೆಸಿಬಲ್ ಮಿತಿ, 95 ಆದರೆ 4 ಗಂಟೆ ಮಾತ್ರ. ಇಯರ್ ಪ್ಲಗ್ ಕೊಡಿ, ಒಬ್ಬೊಬ್ಬರಿಗೂ ಬೇರೆ ಬೇರೆ.

ಆಫೀಸಿನಲ್ಲಿ ಇಎಸ್‌ಐ ನೋಡಿಕೊಳ್ಳುವವಳು:
ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಫ್ಯಾಕ್ಟರಿಗೆ ಕೆಲಸಗಾರರ ವಿಮೆ, ಅಂದರೆ ಇಎಸ್‌ಐ ಕಡ್ಡಾಯ ಸರ್. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರೆಲ್ಲ ಬರುತ್ತಾರೆ, ಕಾಂಟ್ರಾಕ್ಟರ್ ಕರೆತಂದ ಹುಡುಗರೂ ಸೇರಿ. ಸಂಬಳದ ಮೇಲೆ ಕಟ್ಟುವ ವಂತಿಗೆ ಮಾಲೀಕರದು ಶೇ. 3.25, ಕೆಲಸಗಾರನದು ಶೇ. 0.75. ಕೆಲಸದಲ್ಲಿ ಪೆಟ್ಟಾದರೆ ಸೇರಿದ ಮೊದಲ ದಿನದಿಂದಲೇ ಸೌಲಭ್ಯ ಇದೆ, ವಾಸಿಯಾಗುವ ತನಕ ಸಂಬಳದ ಶೇ. 90ರಷ್ಟು ಸಿಗುತ್ತದೆ. ಆದ್ದರಿಂದ ಸೇರಿದ ದಿನವೇ ನೋಂದಣಿ ಮಾಡಿಸಿ. ಪೆಟ್ಟಾದ ಮೇಲೆ ‘ಮನೇಲಿ ಬಿದ್ದ’ ಅಂತ ನರ್ಸಿಂಗ್ ಹೋಮ್‌ನಲ್ಲಿ ಬರೆಸುವವರು ಇದ್ದಾರೆ, ಹಾಗೆ ಮಾಡಿದರೆ ಆ ಹುಡುಗನಿಗೆ ಮುಂದೆ ಪಿಂಚಣಿಯೂ ಇಲ್ಲ. ಅಪಘಾತದ ವರದಿ ತಕ್ಷಣ ಕಳಿಸಿ.

ಇದನ್ನು ಪ್ರಿಂಟ್ ಮಾಡಿ ಫಸ್ಟ್ ಏಡ್ ಡಬ್ಬಿ ಮೇಲೆ ಅಂಟಿಸಿ: ಬೆರಳು ತುಂಡಾದರೆ ಗಾಯವನ್ನು ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದು ಕೈ ಮೇಲೆತ್ತಿ. ತುಂಡನ್ನು ಒದ್ದೆ ಮಾಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಕವರ್‌ಗೆ ಹಾಕಿ ಬಾಯಿ ಕಟ್ಟಿ, ಆ ಕವರನ್ನು ಐಸ್ ನೀರಿನಲ್ಲಿ ಇಡಿ. ನೇರವಾಗಿ ಐಸ್ ಮೇಲೆ ಇಟ್ಟರೆ ಜೋಡಿಸುವುದಕ್ಕೇ ಬರುವುದಿಲ್ಲ. ಬೆರಳು ಜೋಡಿಸುವ ಆಸ್ಪತ್ರೆ ಹತ್ತಿರ ಯಾವುದಿದೆ, ರಾತ್ರಿ ಯಾರು ಸಿಗುತ್ತಾರೆ ಅಂತ ಇವತ್ತೇ ಫೋನ್ ಮಾಡಿ ಕೇಳಿ, ನಂಬರ್ ಅದೇ ಡಬ್ಬಿ ಮೇಲೆ ಬರೆಯಿರಿ.